ಮುತ್ತಿನ ಮಸಿಯ ಆಕಾಶಬುಟ್ಟಿ

ಹೊಳೆಯ ದಂಡೆಯ ಮಠದಲ್ಲಿ ಪರ್ವತಯ್ಯ ಎಂಬ ಗುರುಗಳಿದ್ದರು. ಕಾಗದ ಮಾಡುವುದೇ ಅಲ್ಲಿನ ಪೂಜೆ, ಅದರ ಮೇಲೆ ಚಿತ್ತಾರ ಬರೆಯುವುದೇ ಅಲ್ಲಿನ ಪಾಠ.

ಶಿಷ್ಯರಲ್ಲಿ ಹಿರಿಯ ಮಹಾಂತ. ಪ್ರತಿ ದೀಪಾವಳಿಗೆ ದೋಣಿಕಟ್ಟೆಯ ಎತ್ತರದ ಬಿದಿರು ಗಳುವಿಗೆ ಏರುತ್ತಿದ್ದುದು ಅವನು ಕಟ್ಟಿದ ಆಕಾಶಬುಟ್ಟಿಯೇ. ಹೊತ್ತು ಮುಳುಗಿದ ಮೇಲೆ ಹೊಳೆ ದಾಟುವವರು ಅದರ ಬೆಳಕು ನೋಡಿ ದಡ ಹಿಡಿಯುತ್ತಿದ್ದರು. ಆ ಗಳುವಿನ ತುದಿ ತನ್ನ ಪಿತ್ರಾರ್ಜಿತ ಎಂದೇ ಮಹಾಂತ ತಿಳಿದುಬಿಟ್ಟಿದ್ದ.

ಆ ಮಳೆಗಾಲದಲ್ಲಿ ಚನ್ನವೀರ ಎಂಬ ಹೊಸ ಶಿಷ್ಯ ಬಂದ. ಅವನ ಕೈ ಚೆನ್ನಾಗಿತ್ತು. ಅದೇ ತಪ್ಪಾಯಿತು.

ಒಂದು ದಿನ ಗುರುಗಳು ಚನ್ನವೀರನ ಹಾಳೆಯ ಮುಂದೆ ನಿಂತು, "ಭೇಷ್" ಎಂದರು.

ಒಂದೇ ಮಾತು. ಮಹಾಂತನಿಗೆ ಆ ದಿನ ರೊಟ್ಟಿ ಗಂಟಲಿಗಿಂತ ಕೆಳಗೆ ಇಳಿಯಲಿಲ್ಲ. ಇಷ್ಟು ವರ್ಷದಲ್ಲಿ ಅವನ ಹಾಳೆ ನೋಡಿ ಗುರುಗಳು ಅಂದದ್ದು "ಮುಂದ ಬರಿ" ಅಂತ, ಅಷ್ಟೆ.

ಅದೇ ವರ್ಷ ಗುರುಗಳು ಹೊಸ ಮಸಿಯೊಂದನ್ನು ಕಲಿಸಿದರು. ಕಾಗೆಬಂಗಾರವನ್ನು, ಅಂದರೆ ಅಭ್ರಕವನ್ನು, ನುಣ್ಣಗೆ ಅರೆದು ಜಾಲಿಯ ಅಂಟಿನಲ್ಲಿ ಕಲಸಿದ ಮಸಿ. ಹಸಿಯಿದ್ದಾಗ ನೀರುಮಜ್ಜಿಗೆ, ಒಣಗಿದರೆ ಮುತ್ತಿನ ಹೊಳಪು. ಹಾಳೆಯನ್ನು ಓರೆ ಮಾಡಿದರೆ ಒಮ್ಮೆ ಗುಲಾಬಿ, ಒಮ್ಮೆ ನೀಲಿ. ಶಿಷ್ಯರು ಅದನ್ನು ಮುತ್ತಿನ ಮಸಿ ಎಂದು ಕರೆದರು.

ಇದ್ದದ್ದು ಒಂದೇ ಗಡಿಗೆ. ಈ ಸಲ ಚನ್ನವೀರನೂ ಒಂದು ಆಕಾಶಬುಟ್ಟಿ ಕಟ್ಟಿದ್ದ. ಹಬ್ಬ ಹತ್ತಿರ ಬಂದಾಗ ಮಹಾಂತ ಅದನ್ನು ತನ್ನ ಮಣೆಯ ಪಕ್ಕ ಇಟ್ಟುಕೊಂಡು ಕೂತ. ತನ್ನ ಬುಟ್ಟಿಗೆ ಬಳಿದ. ಒಣಗಿದ ಮೇಲೆ ಮತ್ತೆ ಬಳಿದ. ಬುಟ್ಟಿಗೆ ಅಷ್ಟು ಬೇಕಿತ್ತೆಂದಲ್ಲ, ಚನ್ನವೀರನಿಗೆ ಉಳಿಯಬಾರದೆಂದು.

"ಅಣ್ಣಾರ, ನನಗ ಚೂರು ಮಸಿ ಉಳಿಸೀರೇನ್ರಿ?" ಚನ್ನವೀರ ಕೇಳಿದ.

"ತಳಕ್ಕ ಹತ್ತಿದ್ದು ಐತಿ. ನೀರು ಹಾಕಿ ತೊಳಕೋ."

ಚನ್ನವೀರ ಗಡಿಗೆ ತೊಳೆದುಕೊಂಡ. ಆ ತೊಳೆದ ನೀರಲ್ಲೇ ತನ್ನ ಬುಟ್ಟಿಯ ಮೇಲೆ ಒಂದು ಸಣ್ಣ ಬಳ್ಳಿ ಎಳೆದ.

ಹಬ್ಬದ ಬೆಳಿಗ್ಗೆ ಎರಡೂ ಬುಟ್ಟಿಗಳನ್ನು ಪಡಸಾಲೆಯಲ್ಲಿ ತೂಗುಹಾಕಿದರು. ಬಿಸಿಲು ಬಿದ್ದದ್ದೇ ತಡ, ಮಹಾಂತನ ಬುಟ್ಟಿ ಕಣ್ಣು ಕುಕ್ಕಿತು. ಬಂದವರೆಲ್ಲ ಅದರ ಮುಂದೆಯೇ ನಿಂತರು. ಚನ್ನವೀರನ ಬುಟ್ಟಿ ಅಲ್ಲಿತ್ತೆಂದೇ ಯಾರಿಗೂ ಗೊತ್ತಾಗಲಿಲ್ಲ. ಮಹಾಂತನ ಹೊಟ್ಟೆ ತಣ್ಣಗಾಯಿತು.

"ಅಜ್ಜಾರ, ಗಳಕ್ಕ ಯಾರ ಬುಟ್ಟಿ ಏರಸೂಣ್ರಿ?" ಮಹಾಂತ ಗುರುಗಳನ್ನು ಕೇಳಿದ.

"ನೀನ ಹೇಳು."

"ಭಾಳ ಹೊಳಿಯೋದು ನಂದ ಐತ್ರಿ."

"ಹಂಗಾರ ನಿಂದ ಏರಸು."

ಮಠದಲ್ಲಿ ಎಣ್ಣೆ ಮುಗಿಯುತ್ತ ಬಂದಿತ್ತು. ಉಳಿದದ್ದನ್ನೆಲ್ಲ ಒಂದೇ ಹಣತೆಗೆ ಸುರಿದು ಮಹಾಂತನಿಗೆ ಕೊಟ್ಟು, ಗುರುಗಳು ಚನ್ನವೀರನನ್ನು ಎಣ್ಣೆ ತರಲು ಆಚೆ ದಡಕ್ಕೆ ಕಳಿಸಿದರು.

ಹೊತ್ತು ಮುಳುಗಿತು. ಮಹಾಂತ ಹಣತೆ ಹಚ್ಚಿ ಬುಟ್ಟಿಯೊಳಗಿಟ್ಟು ಹಗ್ಗ ಜಗ್ಗಿದ. ಬುಟ್ಟಿ ಗಳುವಿನ ತುದಿ ಮುಟ್ಟಿತು.

ಬೆಳಕು ಬರಲಿಲ್ಲ.

ಹಗಲು ಬಿಸಿಲನ್ನು ಹೊರಗೆ ಚಿಮ್ಮಿಸಿದ ಕಾಗೆಬಂಗಾರ, ಈಗ ದೀಪವನ್ನು ಒಳಗೇ ತಡೆದಿತ್ತು. ಮೇಲೆ ತೂಗುತ್ತಿದ್ದುದು ಕಪ್ಪನೆಯ ಕುಂಬಳಕಾಯಿ.

"ಬತ್ತಿ ಸರಿ ಇಲ್ರಿ," ಎಂದ ಮಹಾಂತ.

ಗುರುಗಳು ಹೊಳೆಯ ಕಡೆ ನೋಡಿದರು.

ಅಷ್ಟರಲ್ಲಿ ಹೊಳೆಯ ಮೇಲಿಂದ ಅಂಬಿಗನ ಕೂಗು ಕೇಳಿತು. "ಕಟ್ಟಿ ಎಲ್ಲೈತ್ರಪೋ! ದೀಪಾ ತೋರಿಸ್ರೀ!"

ಚನ್ನವೀರನಿದ್ದ ದೋಣಿ ಅದು. ಸೆಳವು ಅದನ್ನು ಕೆಳಕ್ಕೆ ಒಯ್ಯುತ್ತಿತ್ತು. ಕೆಳಗೆ ಬಂಡೆಗಳಿದ್ದವು.

ಹೋಗಲಿ ಬಿಡು, ಎಂದಿತು ಮಹಾಂತನ ಮನಸ್ಸು. ಕ್ಷಣಮಾತ್ರ. ಆದರೂ ಅಂದದ್ದು ನಿಜ, ಅವನು ಅದನ್ನು ಕೇಳಿಸಿಕೊಂಡದ್ದೂ ನಿಜ.

ಗುರುಗಳು ಒಳಗೆ ಹೋಗಿ ಚನ್ನವೀರನ ಬುಟ್ಟಿ ತಂದು ಮೆಟ್ಟಿಲ ಮೇಲಿಟ್ಟರು. ಅದರೊಳಗೆ ಹಣತೆಯಿರಲಿಲ್ಲ. ಇಟ್ಟು, ಹಿಂದೆ ಸರಿದರು.

ಗಾಳಿ ಜೋರಾಗಿತ್ತು, ಹಣತೆಯನ್ನು ಬರಿಗೈಯಲ್ಲಿ ಎತ್ತಿ ತೋರಿಸುವಂತಿರಲಿಲ್ಲ. ಮಹಾಂತ ತನ್ನ ಬುಟ್ಟಿ ಇಳಿಸಿದ. ಅಂಗೈ ಅಡ್ಡ ಹಿಡಿದು ಹಣತೆ ಹೊರತೆಗೆದ. ಬೆರಳು ಸುಟ್ಟಿತು. ಅದನ್ನು ಚನ್ನವೀರನ ಬುಟ್ಟಿಯೊಳಗಿಟ್ಟು, ಹಲ್ಲು ಕಚ್ಚಿ ಹಗ್ಗ ಜಗ್ಗಿದ.

ಕಟ್ಟೆಯೆಲ್ಲ ಬೆಳಗಿತು. ಬೆಳಕಿನ ಮೇಲೆ ಆ ಸಣ್ಣ ಬಳ್ಳಿಯ ನೆರಳಷ್ಟೇ ಹರಿದಿತ್ತು. ಅದು ಚಂದವಿತ್ತು. ಚಂದವಿದೆಯೆಂದು ಮಹಾಂತನಿಗೆ ತಿಳಿಯಿತು, ತಿಳಿದದ್ದಕ್ಕೇ ಹೊಟ್ಟೆ ಮತ್ತೆ ಉರಿಯಿತು.

ದೋಣಿ ತಿರುಗಿ ದಡಕ್ಕೆ ಬಂತು.

ಎಣ್ಣೆಯ ಡಬ್ಬಿ ಹೊತ್ತು ಇಳಿದ ಚನ್ನವೀರ ತಲೆಯೆತ್ತಿ ನೋಡಿದ. "ಅಯ್ಯ, ಇದು ನನ್ನ ಬುಟ್ಟಿ ಅಲ್ಲೇನ್ರಿ! ಅಣ್ಣಾರ ಬುಟ್ಟಿ ಯಾಕ ಇಳಿಸಿದ್ರಿ?"

ಗುರುಗಳು ಒಳಗೆ ಹೋಗೆಂದು ಕೈಸನ್ನೆ ಮಾಡಿದರು. ಅವನು ಡಬ್ಬಿ ಎತ್ತಿಕೊಂಡು ಒಳಗೆ ಹೋದ.

ಮಹಾಂತ ತನ್ನ ಬುಟ್ಟಿಯ ಪಕ್ಕ ಮೆಟ್ಟಿಲ ಮೇಲೆ ಕುಸಿದು ಕೂತ. ಕಣ್ಣು ಮಾತ್ರ ಗಳುವಿನ ತುದಿ ಬಿಟ್ಟು ಕದಲಲಿಲ್ಲ.

"ನೋಡ್ರಿ ಅಜ್ಜಾರ," ಎಂದ, "ಅವನ ಬುಟ್ಟಿ ಹೆಂಗ ಬೆಳಗಾಕತ್ತೈತಿ."

ಗುರುಗಳು ಅವನ ಸುಟ್ಟ ಬೆರಳನ್ನು ತಮ್ಮ ಕೈಗೆ ತೆಗೆದುಕೊಂಡರು.

"ಒಳಗಿನ ದೀಪ ನಿಂದ ಅಲ್ಲೇನು, ಮಹಾಂತ?"