ಬಿಚ್ಚದ ಕೈಗಂಟು

ಕಾಲು ಚಾಚ್ಕೋ. ನನ್ನ ಸೆರಗು ಬಿಡು ಮಗಾ, ಕೈಗೆ ಹಂಗೆ ಸುತ್ಕೊಂಡ್ರೆ ಬೆರಳು ಜೋಮು ಹಿಡಿಯುತ್ತೆ. ಬಿಡೋದಿಲ್ವಾ? ಸರಿ, ಇರ್ಲಿ. ನಡುನಡುವೆ ಹೂಂ ಅಂತಿರು, ಇಲ್ದಿದ್ರೆ ನಾನು ಗೋಡೆಗೆ ಕತೆ ಹೇಳಿದಂಗಾಗುತ್ತೆ.

ಒಂದಾನೊಂದು ಕಾಲದಲ್ಲಿ, ಹೊಳೆಗೆ ಸೇತುವೆ ಅನ್ನೋದೇ ಇಲ್ಲದೆ ಜನ ಹರಿಗೋಲಲ್ಲೇ ದಾಟ್ತಿದ್ದ ಕಾಲದಲ್ಲಿ, ಹರಿಗೋಲು ದಡ ಹತ್ತೋ ಒಂದು ಕಡವಿನ ಪಕ್ಕ ಹೊಂಬಾಳವ್ವ ಅಂತ ಒಬ್ಬಳು ಬೆಸ್ತರ ಹೆಂಗಸು ಇದ್ದಳಂತೆ. ಅವಳ ಗಂಡ ಆ ಕಡವಿನಲ್ಲಿ ಹರಿಗೋಲು ನಡೆಸ್ತಿದ್ದನಂತೆ, ಅವಳು ಜಗಲಿ ಮೇಲೆ ಮೊರ ಇಟ್ಕೊಂಡು ಕೂತು, ದೂರದ ನೀರಿಗೆ ಮೀನು ಹಿಡಿಯೋಕೆ ಹೊರಟೋರಿಗೆ ಗಾಳ, ದಾರ, ಎರೆ ಆರಿಸಿ ಕೊಡ್ತಿದ್ದಳಂತೆ. ಅವರಿಗೆ ಮೂರು ಮಕ್ಕಳು. ದೊಡ್ಡವನು ಜವರ, ನಡುವಿನವನು ಕೆಂಚ, ಕೊನೆಯವಳು ದೇವೀರಿ. ದೇವೀರಿ ಮಾತು ಕಮ್ಮಿ. ಅವ್ವನ ಪಕ್ಕ ಕೂತು ತೆಂಗಿನ ಚಿಪ್ಪಿಗೆ ಎರೆಹುಳ ಆರಿಸಿ ಹಾಕ್ತಾ, ಬಂದೋರ ಮುಖ ನೋಡ್ತಾ ಇರ್ತಿದ್ದಳಂತೆ, ಅಷ್ಟೇ.

ಆ ಮೊರದಲ್ಲಿ ಏನಿತ್ತು ಗೊತ್ತಾ? ಅಕ್ಕಿಕಾಳಿನಷ್ಟು ಸಣ್ಣ ಗಾಳ, ಬೆಕ್ಕಿನ ಉಗುರಿನಂಥ ಗಾಳ, ಕುಡುಗೋಲಿನ ಹಂಗೆ ಬಾಗಿದ ದೊಡ್ಡ ಗಾಳ, ಆಮೇಲೆ ಹತ್ತಿ ದಾರ, ಸೆಣಬಿನ ದಾರ, ಕತ್ತಾಳೆ ನಾರಿನ ಹುರಿ. ಯಾವ ನೀರಿಗೆ ಹೊರಟೆಯಪ್ಪಾ ಅಂತ ಕೇಳ್ತಿದ್ದಳಂತೆ ಹೊಂಬಾಳವ್ವ, ಅಲ್ಲಿ ಯಾವ ಮೀನೈತೆ ಅಂತ ಕೇಳ್ತಿದ್ದಳಂತೆ. ಕೆಸರು ಕೆರೆ, ಕೊರವ ಮೀನು ಅಂದ್ರೆ ಕಪ್ಪೆಮರಿ ಕೊಡೋಳು. ಹರಿಯೋ ಹಳ್ಳ ಅಂದ್ರೆ ಎರೆಹುಳ, ಸಣ್ಣ ಗಾಳ. ನಿಂತ ಗುಂಡಿ ಅಂದ್ರೆ ರಾಗಿಹಿಟ್ಟಿನ ಉಂಡೆ. ಒಂದು ಸಲ ಒಬ್ಬ ಬಂದು, ಎಲ್ಲಾ ಥರದ್ದೂ ಒಂದೊಂದು ಕೊಟ್ಬಿಡವ್ವ, ಯಾವುದಕ್ಕೂ ಇರ್ಲಿ ಅಂದನಂತೆ. ಅದಕ್ಕವಳು, ನೀನು ಮೀನು ಹಿಡಿಯೋಕೆ ಹೊರಟಿದ್ದೀಯೋ ಗಾಳದ ಅಂಗಡಿ ಇಡೋಕೋ, ಮೂಟೆ ಹೊತ್ತೋನು ನೀರಿನ ಹತ್ರ ಹೋಗೋ ಹೊತ್ತಿಗೆ ಮೀನು ಮುದುಕಾಗಿರುತ್ತೆ ಅಂದಳಂತೆ. ಜಗಲಿ ತುಂಬ ನಗು.

ಆಮೇಲೆ ಕೈಗಂಟು. ಅದು ಆ ಜನದ ಪದ್ಧತಿ. ದಾರದ ತುದಿಯನ್ನ ಬಳೆ ಹಂಗೆ ಸುತ್ತು ಮಾಡಿ, ಹೊರಟೋನ ಬಲಗೈ ಮಣಿಕಟ್ಟಿಗೆ ಹಾಕಿ, ಒಂದರ ಮೇಲೊಂದು ಮೂರು ಗಂಟು ಬಿಗಿದು, ಹಲ್ಲಲ್ಲಿ ಕಚ್ಚಿ ಎಳೀತಿದ್ದಳಂತೆ. ಒಂಟಿ ಕೈಯಲ್ಲಿ ಬಿಚ್ಚೋಕಾಗದ ಗಂಟು ಅದು. ಮೀನು ತಗೊಂಡು ವಾಪಸ್ ಬಂದ ಮೇಲೆ ಕಟ್ಟಿದ ಕೈಯೇ ಬಿಚ್ಚಬೇಕು. ಅವರಲ್ಲಿ ದಾರ ಕೈಬಿಟ್ಟು ಬಂದ ಅಂತ ಅನ್ನಿಸ್ಕೊಳ್ಳೋದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲವಂತೆ.

ಹಳ್ಳಕ್ಕೆ ಹೋದೋರು, ಕೆರೆಗೆ ಹೋದೋರು ನಗ್ತಾ ಬಂದು ಕೈ ಚಾಚ್ತಿದ್ದರಂತೆ. ಆದ್ರೆ ಮೂರು ದಿನದ ದಾರಿ ಮೇಲಕ್ಕೆ ಕರಿಮಡು ಅಂತ ಒಂದು ಇತ್ತು, ಹೊಳೆ ಅಲ್ಲಿ ಬಂಡೆ ನಡುವೆ ಬಾವಿ ಹಂಗೆ ಆಳ. ಅಲ್ಲಿಗೆ ಹೋದೋರಲ್ಲಿ ಬಂದೋರು ಕಮ್ಮಿ. ಒಬ್ಬ ಬರಲಿಲ್ಲ ಅಂದ್ರೆ ಊರಲ್ಲಿ ಏನಂತಿದ್ದರು ಗೊತ್ತಾ? ದಾರ ತೆಳುವಾಯ್ತೇನೋ, ಗಂಟು ಸಡಿಲ ಆಯ್ತೇನೋ ಅಂತಿದ್ದರಂತೆ. ಹೊಂಬಾಳವ್ವ ಆ ಮಾತು ಕೇಳಿ ಕೇಳಿ, ಮುಂದಿನವನಿಗೆ ಇನ್ನೂ ದಪ್ಪ ದಾರ ಆರಿಸೋಳು, ಇನ್ನೂ ಬಿಗಿಯಾಗಿ ಗಂಟು ಹಾಕೋಳು. ದೇವೀರಿ ಇದನ್ನ ನೋಡಿದ್ದಳು. ಹೇಳೋಕೆ ಬಾಯಿ ಬರ್ತಿರಲಿಲ್ಲ ಅಷ್ಟೇ.

ಹೂಂ ಅನ್ನು. ಹಾಂ.

ಹಿಂಗಿರಬೇಕಾದ್ರೆ ಕಡವಿನ ಹರಿಗೋಲು ಹಳೇದಾಯ್ತಂತೆ. ಹೊಸ ಹರಿಗೋಲು ಇಳಿಸೋ ವರ್ಷ, ಕಡವಿನ ಮನೆಯವರು ಕರಿಮಡುವಿನಿಂದ ಒಂದು ಬಿಳಿಮೀನು ಜೀವಂತ ತಂದು ಕಡವಿನ ನೀರಿಗೆ ಬಿಡಬೇಕು, ಅದು ಕಟ್ಟಳೆ. ಅಪ್ಪ ಹೋದ. ಬರಲಿಲ್ಲ. ಆಮೇಲೆ ಕುಲದ ಯಜಮಾನ ಜಗಲಿಗೆ ಬಂದು, ತಲೆ ಬಗ್ಗಿಸ್ಕೊಂಡೇ ಹೇಳಿದನಂತೆ, ತಾಯಿ, ಮೂರು ಹುಣ್ಣಿಮೆ ಕಾಯ್ತೀವಿ, ಅಷ್ಟರೊಳಗೆ ನಿನ್ನ ಮನೆಯಿಂದ ಮೀನು ಬಂದ್ರೆ ಕಡವು ನಿಮ್ಮದು, ಇಲ್ಲ ಅಂದ್ರೆ ಗುಡಿಸಲು ಬಿಚ್ಕೊಂಡು ದಡ ಬಿಟ್ಟುಕೊಡಬೇಕಾಗುತ್ತೆ. ಹೊಳೆ ಬಿಟ್ಟು ಬೆಸ್ತರು ಎಲ್ಲಿಗೆ ಹೋಗ್ತಾರೆ ಮಗಾ?

ಮೊದಲು ಜವರ ಹೊರಟನಂತೆ. ಎತ್ತಿನಂಥ ಮೈ ಅವನದು. ಕುಡುಗೋಲಿನಂಥ ಗಾಳ ಎತ್ಕೊಂಡ, ಕತ್ತಾಳೆ ಹುರಿ ಎತ್ಕೊಂಡ, ಎರೆಗೆ ದೊಡ್ಡ ಕಪ್ಪೆ ತಗೊಂಡ. ಅವ್ವಾ, ಅಪ್ಪನ ದಾರ ಹರಿದಿರಬೇಕು, ಈ ಹುರೀಲಿ ಎಮ್ಮೆ ಕಟ್ಟಬಹುದು ನೋಡು ಅಂದನಂತೆ. ಹೊಂಬಾಳವ್ವ ಗಂಟು ಬಿಗಿದಳು. ಒಂದು ಹುಣ್ಣಿಮೆ ಕಳೀತು. ದಾರಿಹೋಕನೊಬ್ಬ ಜವರನ ಟವಲು ತಂದುಕೊಟ್ಟ, ಬಂಡೆ ಮೇಲೆ ಮಡಿಸಿ ಇಟ್ಟಿದ್ದು ಮಡಿಸಿದ ಹಂಗೇ ಇತ್ತಂತೆ.

ಆಮೇಲೆ ಕೆಂಚ ಹೊರಟನಂತೆ. ಅವನು ಮಾತುಗಾರ. ಅಣ್ಣಂದು ಬರೀ ಬಲ ಕಣವ್ವ, ದೊಡ್ಡ ಮೀನಿಗೆ ಆಸೆ ತೋರಿಸಬೇಕು ಅಂತ, ಅವ್ವನ ಬೆಳ್ಳಿ ಕಾಲುಂಗುರ ಕೇಳಿ ಇಸ್ಕೊಂಡು, ತಟ್ಟಿ ತಟ್ಟಿ ಎಲೆ ಹಂಗೆ ಮಾಡಿ ಗಾಳದ ಮೇಲೆ ಕಟ್ಟಿದನಂತೆ. ನೀರಲ್ಲಿ ಎಳೆದ್ರೆ ಮರಿಮೀನು ಹೊರಳಿದಂಗೆ ಮಿಂಚುತ್ತಿತ್ತು, ಅಷ್ಟು ಚೆಂದ. ದೇವೀರಿ ಅವತ್ತು ಬಾಯಿಬಿಟ್ಟಳು. ಅಣ್ಣಾ, ಮೀನು ನಿನ್ನ ಎಳೆದ್ರೆ? ಅಂದಳಂತೆ. ನನ್ನ ಎಳೆಯೋ ಮೀನು ಹುಟ್ಟಿದ್ರೆ ಅದನ್ನೇ ನಿನಗೆ ಗಂಡ ಅಂತ ತರ್ತೀನಿ ಸುಮ್ನಿರೇ ಅಂತ ಅವಳ ಜಡೆ ಎಳೆದು ನಕ್ಕನಂತೆ. ಹೊಂಬಾಳವ್ವ ಮೂರರ ಜೊತೆಗೆ ಇನ್ನೊಂದು ಗಂಟು ಹಾಕಿದಳು. ಇನ್ನೊಂದು ಹುಣ್ಣಿಮೆ ಕಳೀತು. ಅವನ ಬುತ್ತಿಗಂಟು ಬಂತು. ಬಿಚ್ಚಿರಲಿಲ್ಲ.

ಆಮೇಲೆ ಆ ಮನೆ ಜಗಲಿಗೆ ಗಾಳ ಕೇಳ್ಕೊಂಡು ಯಾರೂ ಬರಲಿಲ್ಲವಂತೆ. ಹೊಂಬಾಳವ್ವ ಮೊರದ ಮುಂದೆ ಕೂತು, ದಾರ ಇನ್ನೊಂದೆಳೆ ದಪ್ಪ ಇರಬೇಕಿತ್ತು, ಇನ್ನೊಂದೆಳೆ ಅಂತ ಒಬ್ಬಳೇ ಹೊಸೀತಾ ಇದ್ದಳಂತೆ. ಆಗ ದೇವೀರಿ ಎದುರಿಗೆ ಕೂತು, ನಾನು ಹೋಗ್ತೀನವ್ವಾ ಅಂದಳು. ಅವ್ವ ಹೊಸೆದ ಹುರಿ ಎತ್ತಿ, ಕೈ ಕೊಡು ಅಂದಳು. ದೇವೀರಿ ಕೈ ಹಿಂದಕ್ಕಿಟ್ಕೊಂಡಳು.

ನಂಗೆ ಕೈಗಂಟು ಬೇಡವ್ವಾ ಅಂದಳಂತೆ.

ಹೊಂಬಾಳವ್ವನಿಗೆ ಎದೆಗೆ ಒದ್ದಂಗಾಯ್ತು. ನಿಮ್ಮಪ್ಪ ಬೇಡ ಅನ್ನಲಿಲ್ಲ, ನಿನ್ನಣ್ಣಂದಿರು ಬೇಡ ಅನ್ನಲಿಲ್ಲ, ನನ್ನ ಗಂಟು ನಿನಗೆ ಕಮ್ಮಿಯಾಯ್ತೇನೇ? ಗಂಟು ಬೇಡ ಅಂದ್ರೆ ಅವ್ವನೂ ಬೇಡ ಅಂತಾನೇ ಅರ್ಥ, ಹೋಗು, ಅಂತ ಹೇಳಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳಂತೆ. ದೇವೀರಿ ಎದ್ದಳು. ಮೊರದಿಂದ ಹದವಾದ ಒಂದು ಗಾಳ ತಗೊಂಡಳು, ಸೆಣಬಿನ ದಾರ ತಗೊಂಡಳು, ಒಂದು ಹಿಡಿ ರಾಗಿಹಿಟ್ಟು. ಆಮೇಲೆ ಅಟ್ಟದಿಂದ ಒಣಗಿದ ಸೋರೆಬುರುಡೆ ಇಳಿಸ್ಕೊಂಡಳು. ಅವಳು ಚಿಕ್ಕವಳಿದ್ದಾಗ ಈಜು ಕಲಿಸೋಕೆ ಅವ್ವ ಬೆನ್ನಿಗೆ ಕಟ್ಟುತ್ತಿದ್ದ ಬುರುಡೆ ಅದು. ದಾರಿಯಲ್ಲಿ ಜನ, ಅಯ್ಯೋ ಹುಡುಗಿ, ಮೀನಿಗೆ ಸೋರೆಕಾಯಿ ಪಲ್ಯ ಬಡಿಸೋಕೆ ಹೊರಟೆಯಾ ಅಂತ ನಕ್ಕರಂತೆ.

ಕರಿಮಡು ಮುಟ್ಟಿದಳು. ನೀರು ಇಜ್ಜಲು ಅರೆದು ಕಲಸಿದ ಹಂಗಿತ್ತು, ಒಂದು ಹಕ್ಕಿ ಸದ್ದಿಲ್ಲ. ಮೊದಲನೇ ದಿನ ಅವಳು ದಾರ ಬಿಚ್ಚಲೇ ಇಲ್ಲವಂತೆ, ಬಂಡೆ ಮೇಲೆ ಕೂತು ನೋಡಿದಳು. ಎರಡನೇ ದಿನ ರಾಗಿ ಉಂಡೆ ಹಾಕಿದಳು, ಚಿಕ್ಕ ಮೀನು ಬಂದು ಚೂರು ಚೂರು ತಿಂದು ಹೋದವು, ದೊಡ್ಡದು ಏಳಲಿಲ್ಲ. ಆದ್ರೆ ನೀರಿನ ಮೇಲೆ ಬಾಗಿದ ಒಂದು ಅತ್ತಿಮರ ಇತ್ತು, ಹಣ್ಣು ಟುಬುಕ್ ಅಂತ ಬಿದ್ದಾಗಲೆಲ್ಲಾ ಕೆಳಗಿಂದ ಒಂದು ಬಿಳೀ ಹೊಟ್ಟೆ ಹೊರಳಿ ಹಣ್ಣು ಮಾಯ ಆಗ್ತಿತ್ತು. ಅದು ಕಪ್ಪೆ ಕೇಳಿರಲಿಲ್ಲ, ಬೆಳ್ಳಿ ಕೇಳಿರಲಿಲ್ಲ ಮಗಾ, ಸಿಟ್ಟಿಗೋ ಬೆರಗಿಗೋ ಕಚ್ಚಿತ್ತು ಅಷ್ಟೇ. ಅದರ ಊಟ ಅತ್ತಿಹಣ್ಣು.

ಮೂರನೇ ದಿನ ದೇವೀರಿ ಗಾಳಕ್ಕೆ ಅತ್ತಿಹಣ್ಣು ಸಿಕ್ಕಿಸಿ, ದಾರದ ಈ ತುದಿಯನ್ನ ಸೋರೆಬುರುಡೆಗೆ ಕಟ್ಟಿ ನೀರಿಗೆ ಬಿಟ್ಟಳಂತೆ. ಟುಬುಕ್. ಬುರುಡೆ ಒಂದು ಸಲ ನಡುಗಿತು, ಆಮೇಲೆ ಕಣ್ಣು ಮುಚ್ಚಿ ಬಿಡೋದರೊಳಗೆ ನೀರೊಳಗೆ ಹೋಯ್ತು. ಅಷ್ಟು ದೊಡ್ಡ ಬುರುಡೆ! ಆ ಜಾಗದಲ್ಲಿ ಒಂದು ಕೈಯಿದ್ದಿದ್ದರೆ? ದೇವೀರಿ ಮಣಿಕಟ್ಟು ಹಿಡ್ಕೊಂಡು ಕೂತಳಂತೆ. ಎಷ್ಟೋ ಹೊತ್ತಿನ ಮೇಲೆ ಬುರುಡೆ ಆಚೆ ದಡದಲ್ಲಿ ಎದ್ದಿತು. ಮತ್ತೆ ಮುಳುಗಿತು, ಮತ್ತೆ ಎದ್ದಿತು. ಮೂರನೇ ಸಲ ಎದ್ದಾಗ ಅವಳ ಕಾಲ ಬುಡದಲ್ಲೇ ತೇಲ್ತಾ ಇತ್ತು, ದಾರ ಕೈಗೆ ಸಿಗೋ ಹಂಗಿತ್ತು. ಎತ್ತಿದಳು. ಎತ್ತಿದ ಕೈ ತಾನಾಗೇ ದಾರವನ್ನ ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಬಿಟ್ಟಿತ್ತಂತೆ, ಹುಟ್ಟಿದಾಗಿಂದ ನೋಡಿದ ಅಭ್ಯಾಸ ನೋಡು. ಗಕ್ಕನೆ ಬಿಡಿಸ್ಕೊಂಡು ಎಸೆದಳು. ಅದೇ ಗಳಿಗೇಲಿ ಬುರುಡೆ ಮತ್ತೆ ಒಳಗೆ ಹೋಯ್ತು.

ಸಂಜೆ ಹೊತ್ತಿಗೆ ಮೀನು ಸೋತು ಮರಳಿನ ಕಡೆ ಬಂತು. ಆಳುದ್ದ ಮೀನು, ಅಂಗೈಯಗಲ ಪರೆ. ಅದರ ಬಾಯಿಂದ ಇನ್ನೂ ಮೂರು ದಾರ ಜೋತಾಡ್ತಿದ್ದವಂತೆ. ಒಂದು ಪಾಚಿ ಕಟ್ಟಿದ ಹಳೇ ಸೆಣಬು, ಒಂದು ಕತ್ತಾಳೆ ಹುರಿ, ಒಂದರ ಬುಡದಲ್ಲಿ ಬೆಳ್ಳಿ ಚೂರು. ಮೂರು ದಾರದ ತುದೀಲೂ ಒಂದೊಂದು ಸುತ್ತು, ಬಳೆಯಷ್ಟು ಗುಂಡಗೆ. ಗಂಟು ಒಂದೂ ಬಿಚ್ಚಿರಲಿಲ್ಲ. ಒಳಗೆ ಕೈ ಇರಲಿಲ್ಲ.

ಅಳ್ತಾ ಇದ್ದೀಯಾ? ಇಲ್ವಾ? ಸರಿ, ಹೂಂ ಅನ್ನು.

ದೇವೀರಿ ಅತ್ತಳು. ಆ ಮೀನಿಗೆ ಬಾಯಿಗೆ ಬಂದಂಗೆ ಬೈದಳು. ಬೈದು ಬೈದು ಸಾಕಾಗಿ ನೋಡಿದ್ರೆ ಅದೂ ಬಾಯಿ ತೆರೆದು ಮುಚ್ಚಿ ಮಾಡ್ತಾ ಇತ್ತಂತೆ. ಪಾಪ, ಅದೇನು ಮಾಡ್ತು? ಹೆದರಿಕೊಂಡು ಓಡಿತ್ತು. ಬಿಟ್ಟು ಹೋಗೋಕೆ ಅದಕ್ಕೂ ಆಗಿರಲಿಲ್ಲ. ಆಮೇಲೆ ದಾರ ಮುಷ್ಟೀಲಿ ಹಿಡ್ಕೊಂಡಳು, ಸುತ್ತಿಕೊಳ್ಳದೆ, ಬರೀ ಮುಷ್ಟೀಲಿ. ಮೀನು ನೀರಲ್ಲಿ, ಬುರುಡೆ ಮೇಲೆ, ಅವಳು ದಡದಲ್ಲಿ, ಮೂರು ದಿನ ಹೊಳೆ ಜೊತೆ ಕೆಳಕ್ಕೆ ನಡೆದರಂತೆ. ಅದು ಜಗ್ಗಿದಾಗ ಬಿಟ್ಟಳು, ಬುರುಡೆ ಎದ್ದ ಕಡೆ ಹೋಗಿ ಮತ್ತೆ ಹಿಡಿದಳು.

ಮೂರನೇ ಹುಣ್ಣಿಮೆಗೆ ಇನ್ನೊಂದು ದಿನ ಇದೆ ಅನ್ನೋವಾಗ ಕಡವಿಗೆ ಬಂದಳು. ಊರೆಲ್ಲಾ ಸೇರಿತು, ನಗೋರು ಯಾರೂ ಇರಲಿಲ್ಲ. ಹೊಂಬಾಳವ್ವ ಮಗಳನ್ನ ನೋಡಿ ಓಡಿ ಬಂದಳು, ಮೀನಿನ ಬಾಯಿ ನೋಡಿ ನಿಂತುಬಿಟ್ಟಳು. ಸೊಂಟಮಟ್ಟದ ನೀರಿಗೆ ಇಳಿದು ಒಂದು ಸುತ್ತು ಕೈಗೆ ತಗೊಂಡು, ಇದು ನನ್ನದೇ ಗಂಟು ಕಣೇ ಅಂದಳಂತೆ. ಎಷ್ಟು ಚೆನ್ನಾಗಿ ಹಾಕಿದ್ದೀನಿ ನೋಡೇ ಅಂದಳಂತೆ. ಯಜಮಾನ ಕುಡುಗೋಲು ಚಾಚಿದ. ಬೇಡ, ಕಟ್ಟಿದ ಕೈಯೇ ಬಿಚ್ಚಬೇಕು ಅಂದಳು. ಉಗುರಲ್ಲಿ, ಹಲ್ಲಲ್ಲಿ, ಒಂದೊಂದಾಗಿ ಬಿಚ್ಚಿದಳಂತೆ. ಗಂಡನದು, ಜವರನದು, ನಾಲ್ಕು ಗಂಟಿನ ಕೆಂಚನದು. ಹೊತ್ತು ಇಳಿಯೋವರೆಗೂ ಯಾರೂ ದಡ ಬಿಟ್ಟು ಕದಲಲಿಲ್ಲ. ಕೊನೆಗೆ ಗಾಳ ನಾಲ್ಕೂ ಬಿಡಿಸಿ, ಮೀನಿನ ಬೆನ್ನು ಸವರಿ, ಹೋಗವ್ವಾ ಅಂತ ಬಿಟ್ಟಳಂತೆ.

ಕಡವು ಅವರಿಗೇ ಉಳೀತು. ಹೊಸ ಹರಿಗೋಲು ಇಳೀತು, ದೇವೀರಿಯೇ ನಡೆಸಿದಳು, ಆಮೇಲೆ ಮದುವೆಯೂ ಆಯ್ತು, ಜಗಲಿ ಮೇಲೆ ಮಕ್ಕಳೂ ಓಡಾಡಿದವು. ಹೊಂಬಾಳವ್ವ ಆ ಮೇಲೂ ಮೊರ ಇಟ್ಕೊಂಡು ಕೂತಳಂತೆ, ಆದ್ರೆ ಎರಡು ಪ್ರಶ್ನೆ ಇದ್ದದ್ದು ಮೂರಾಯ್ತು. ಯಾವ ನೀರು, ಯಾವ ಮೀನು, ಆಮೇಲೆ, ಮೀನು ನಿನಗಿಂತ ದೊಡ್ಡದಾದ್ರೆ ದಾರ ಬಿಡ್ತೀಯೇನಪ್ಪಾ? ಬಿಡೋದಿಲ್ಲ ಅಂದೋನಿಗೆ ಗಾಳವೇ ಕೊಡ್ತಿರಲಿಲ್ಲ. ಬಿಡ್ತೀನಿ ಅಂದೋನಿಗೆ ಒಂದು ಸೋರೆಬುರುಡೆ ಕೊಟ್ಟು, ಎಳೆದ್ರೆ ಬಿಚ್ಚೋ ಗಂಟು ಹಾಕಿ, ಮೂರು ಸಲ ತಾನೇ ಎಳೆದು ನೋಡಿ ಕಳಿಸ್ತಿದ್ದಳಂತೆ. ಹೋದೋರೆಲ್ಲಾ ಬಂದರಂತೆ, ಕೆಲವರು ಬರಿಗೈಯಲ್ಲಿ. ಬಂದೋರ ಬರೀ ಕೈಯನ್ನ ಅವಳು ಎರಡೂ ಕೈಯಲ್ಲಿ ಹಿಡ್ಕೊಂಡು ಕೂತಿರ್ತಿದ್ದಳಂತೆ.

ಅಲ್ಲಿಗೆ ಕತೆ ದಡ ಹತ್ತಿ ಮುಗೀತು. ಹೂಂ ಅನ್ನೋದೂ ನಿಂತ್ಹೋಯ್ತಾ? ಸೆರಗು ಕೊಡಿಲ್ಲಿ... ಹಾಂ. ಹಿಡ್ಕೋ ಮಗಾ, ಹಿಡ್ಕೊಂಡೇ ಮಲಕ್ಕೋ. ಸುತ್ಕೋಬೇಡ.