ಹೆಸರು ಕೇಳುವ ಅಗಸಿ

ಸಂಗಳಗಿಯ ಕೋಟೆಯಲ್ಲಿ ಈಗ ನೆಟ್ಟಗೆ ನಿಂತಿರುವುದು ಬಡಗಣ ಬಾಗಿಲೊಂದೇ. ಊರವರು ಅದನ್ನು ಹೆಸರು ಕೇಳುವ ಅಗಸಿ ಎನ್ನುತ್ತಾರೆ. ನೋಡಲು ಬಂದವರು ಗೋಡೆಯ ದಪ್ಪವನ್ನು ಹೊಗಳಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಈ ಬಾಗಿಲನ್ನು ಕಾದವರು ಸಿದ್ದಿಗಳು, ಕಡಲಾಚೆಯ ಹಬಶಿ ನಾಡಿನಿಂದ ತಂದು ಮಾರಿದ ಕಪ್ಪು ಸೈನಿಕರು. ಅವರ ಮಾತನ್ನು ಯಾರೂ ಎತ್ತುವುದಿಲ್ಲ. ಅವರ ಸಂತತಿಯವನಾದ ನನಗೆ ಮೈಯೆಲ್ಲ ಉರಿಯುತ್ತದೆ.

ಹಿಂದೆ ಒಮ್ಮೆ ಈ ಕೋಟೆಗಾಗಿ ಅಣ್ಣತಮ್ಮಂದಿರು ಹೊಡೆದಾಡಿಕೊಂಡರಂತೆ. ಒಂದೇ ಮನೆತನದ ಜಗಳ. ಎರಡು ಕಡೆಗೂ ಒಂದೇ ಬಾವುಟ, ಒಂದೇ ಉಡುಗೆ. ವೈರಿ ಯಾರೆಂದು ತಿಳಿಯದಾದಾಗ ಒಳಗಿದ್ದ ತಮ್ಮ ಒಂದು ಕಟ್ಟಳೆ ಮಾಡಿದ. ಹೊರಗಿನಿಂದ ಬಂದವನು ಕಾವಲಿನವರಲ್ಲಿ ಒಬ್ಬನನ್ನು ಹೆಸರು ಹಿಡಿದು ಕರೆಯಬೇಕು. ಕರೆಯದಿದ್ದರೆ ಅಗಸಿ ತೆರೆಯಕೂಡದು, ಬಂದವನು ತಾನೇ ಆಗಿದ್ದರೂ ಸರಿ. ಸಿದ್ದಿಗಳು ಅದನ್ನು ಚಾಚೂ ತಪ್ಪದೆ ನಡೆಸಿದರು. ನಲವತ್ತು ದಿನದ ಮುತ್ತಿಗೆಯಲ್ಲಿ ಮರ್ಜಾನ, ಸಂದಲ, ಫಿರೋಜ ಮೊದಲಾಗಿ ಹನ್ನೊಂದು ಮಂದಿ ಅಲ್ಲೇ ಸತ್ತರು. ತಮ್ಮ ಗೆದ್ದ. ಗೆದ್ದವನು ತನ್ನವರಿಗೆ ಗೋರಿ ಕಟ್ಟಿಸಿ, ಇವರ ಹೆಣಗಳನ್ನು ಕಂದಕಕ್ಕೆ ಎಸೆಯಿಸಿದ. ಗೆಲುವಿನ ಕಲ್ಲಿನಲ್ಲಿ ಕತ್ತಿ ಮುಟ್ಟದ ಬೀಗರ ಹೆಸರೂ ಬಂತು, ಇವರದು ಬರಲಿಲ್ಲ. ಮರ್ಜಾನನ ಹೆಂಡತಿ ಹಲೀಮಾ ಹೋಗಿ ಕೇಳಿದಳು. ಕರಿಯರಿಗೆಲ್ಲ ಹೆಸರು ಯಾತಕ್ಕೆ ಎಂದು ಅವನು ನಕ್ಕನಂತೆ. ಎಂಥ ಹೊಲಸು ಬಾಯಿ! ಹಲೀಮಾ ಹಿಂತಿರುಗಿ, ಗಂಡನ ಕಾವಲಿನ ಜಾಗದಲ್ಲಿ ತಾನೇ ನಿಂತಳು.

ಮೂರು ವರ್ಷಕ್ಕೆ ಅಣ್ಣ ಮತ್ತೆ ದಂಡು ಕಟ್ಟಿ ಬಂದ. ಬಯಲಿನಲ್ಲಿ ಸೋತ ತಮ್ಮ ನಡುಮಧ್ಯಾಹ್ನ ಒಬ್ಬನೇ ಕುದುರೆ ಓಡಿಸಿಕೊಂಡು ಅಗಸಿಯ ಮುಂದೆ ಬಂದು ನಿಂತ. ಬೆನ್ನ ಹಿಂದೆ ಅಣ್ಣನ ಸವಾರರ ಧೂಳು. ಏ ಕರಿಯಾ, ಬಾಗಿಲು ತೆಗೆ ಎಂದು ಕೂಗಿದ. ಕಾವಲಿನವರು ಅಲುಗಲಿಲ್ಲ. ಇಷ್ಟು ದಿನ ಅವನ ಪರವಾಗಿ ಜೊತೆಗಾರರೇ ಹೆಸರು ಕೂಗುತ್ತಿದ್ದರು; ಅವನು ಒಂದನ್ನೂ ಕಲಿತಿರಲಿಲ್ಲ. ಹಲೀಮಾ ಗೋಡೆಯ ಮೇಲೆ ಬಂದು ನಿಂತಳು.

"ಕಟ್ಟಳೆ ನಿಂದ ಐತಿ. ಇದ್ದವರದಾಗಲಿ, ನಿನಗಾಗಿ ಸತ್ತವರದಾಗಲಿ, ಒಬ್ಬನ ಹೆಸರ ಹೇಳು. ತೆಗೀತೀನಿ."

ಅವನು ಬಂಗಾರ ಕೊಡುತ್ತೇನೆಂದ, ಜಹಗೀರು ಕೊಡುತ್ತೇನೆಂದ, ಕೊನೆಗೆ ತಾಯೀ ಎಂದ. ಹೆಸರು ಮಾತ್ರ ಬರಲಿಲ್ಲ. ಸವಾರರು ಬಂದು ಅವನನ್ನು ಬಾಗಿಲಿಗೇ ಒತ್ತಿ ಕಡಿದರು. ಹಲೀಮಾ ಕಣ್ಣು ಮಿಟುಕಿಸದೆ ನೋಡಿದಳು. ಕೋಟೆ ಅಣ್ಣನ ಪಾಲಾದ ಮೇಲೆ ಅವಳೇ ಉಳಿ ತಂದು, ಗೆಲುವಿನ ಕಲ್ಲಿನಿಂದ ಸತ್ತ ದೊರೆಯ ಹೆಸರನ್ನು ಕೆತ್ತಿ ತೆಗೆದಳು ಎನ್ನುತ್ತಾರೆ. ಸರಿಯಾಗೇ ಮಾಡಿದಳು ಎನ್ನುತ್ತೇನೆ ನಾನು.

ಆ ಕಲ್ಲು ಈಗಲೂ ಕಮಾನಿನ ಒಳಗೋಡೆಯಲ್ಲಿದೆ. ಬೀಗರ ಹೆಸರುಗಳನ್ನು ಓದಬಹುದು. ಮೇಲಿನ ಸಾಲಿನಲ್ಲಿ ಅಂಗೈಯಗಲದ ಗುಳಿ. ಇಲ್ಲಿ ಯಾವ ದೊರೆಯ ಹೆಸರಿತ್ತು ಎಂದು ಬಂದವರು ನನ್ನನ್ನು ಕೇಳುತ್ತಾರೆ. ನನಗೆ ಗೊತ್ತು, ನಮ್ಮಜ್ಜಿ ಹೇಳಿದ್ದಾಳೆ. ಹೇಳುವುದಿಲ್ಲ.