ಚಲುವರಾಜು ಗಾಲ್ಫ್ ಆಡಿಬಂದದ್ದು

ಊರು ಯಾವುದಾದರೂ ಇರಲಿ, ಅಲ್ಲಿ ತಾಯಮ್ಮ ಅಂತ ಒಬ್ಬಳು, ಅವಳಿಗೆ ಚಲುವರಾಜು ಅಂತ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು ಊರಿಗೆಲ್ಲ ಅವನೊಬ್ಬನೇ. ಅದಕ್ಕೇ ಊರು ಅವನನ್ನು ಪೆದ್ದ ಅನ್ನುತ್ತಿತ್ತು. ಹೇಳಿದ್ದರಲ್ಲಿ ಅರ್ಧವನ್ನೂ ಮಾಡದವರು ಜಾಣರು, ಅವರಿಗೆಲ್ಲ ಗೆಳೆಯರಿದ್ದರು. ಚಲುವನಿಗೆ ಒಬ್ಬನೂ ಇರಲಿಲ್ಲ.

ತಾಯಮ್ಮನ ಕೊರಗು ಅದೊಂದೇ. ಜಬಿ, ರೇವಣ್ಣ ಅಂತ ಪಕ್ಕದ ಬೀದಿಯ ಇಬ್ಬರು ಭಾನುವಾರ ಬಂತೆಂದರೆ ಸೈಕಲ್ ಹತ್ತಿ ಕೆರೆಯಾಚೆಯ ರೆಸಾರ್ಟಿಗೆ ಮಿನಿ ಗಾಲ್ಫ್ ಆಡಲು ಹೋಗುವವರು. ಪುಟ್ಟ ಚೆಂಡನ್ನು ದಾಂಡಿನಿಂದ ತಳ್ಳಿ ಗುಳಿಗೆ ಬೀಳಿಸುವ ಆಟ. ತಾಯಮ್ಮ ಕಾಡಿ ಬೇಡಿ ಅವರನ್ನು ಒಪ್ಪಿಸಿದಳು.

"ಇದೊಂದು ಸಲ ಕಣವ್ವಾ," ಅಂದ ಜಬಿ. "ನೆಟ್ಟಗಿದ್ದರೆ ಮುಂದಿನ ಭಾನುವಾರವೂ ಕರಕೊಂಡು ಹೋಗ್ತೀವಿ. ಎಡವಟ್ಟು ಮಾಡಿದನೋ, ಮತ್ತೆ ಕೇಳಬೇಡಿ."

ತಾಯಮ್ಮ ಮಗನ ಕಡೆ ತಿರುಗಿದಳು. "ಕೇಳಿಸ್ತೇನ್ಲಾ? ನಿನ್ನ ತಲೆ ಓಡಿಸಬೇಡ. ಅವರು ಏನು ಮಾಡ್ತಾರೋ ಅದನ್ನೇ ಮಾಡು!"

"ಆಗಲಿ ಕಣವ್ವಾ!"

ಹೊರಟರು. ಜಬಿ ಬೆಲ್ ಹೊಡೆದ, ಚಲುವನೂ ಹೊಡೆದ. ರೇವಣ್ಣ ಎದ್ದು ನಿಂತು ತುಳಿದ. ಚಲುವನೂ ಎದ್ದು ನಿಂತು ತುಳಿದ. ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ರೇವಣ್ಣ ಸೈಕಲ್ ಸಮೇತ ಕೆಸರುಗದ್ದೆಗೆ ಉರುಳಿದ.

ಚಲುವ ಬ್ರೇಕ್ ಹಿಡಿದ. ಇಳಿದ. ಸೈಕಲ್ ಹೊತ್ತುಕೊಂಡು ಗದ್ದೆಗಿಳಿದ. ರೇವಣ್ಣನ ಪಕ್ಕದಲ್ಲೇ ಅಂಗಾತ ಮಲಗಿ ಸೈಕಲ್ಲನ್ನು ಮೈಮೇಲೆ ಎಳಕೊಂಡ.

"ನೀನ್ಯಾಕೋ ಬಿದ್ದೆ?"

"ನೀನು ಬಿದ್ದೆಯಲ್ಲಾ!"

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಬಿದ್ದದ್ದು ಕಂಡರೆ ಮೇಲೆತ್ತಬೇಕು ಕಣೋ! ಒರೆಸಬೇಕು! ದಾರಿಗೆ ತಂದು ಬಿಡಬೇಕು!"

ಚಲುವನಿಗೆ ಅದು ನ್ಯಾಯವಾಗಿಯೇ ಕಂಡಿತು. ಮೇಲೆತ್ತಬೇಕು, ಒರೆಸಬೇಕು, ದಾರಿಗೆ ಬಿಡಬೇಕು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ.

ರೆಸಾರ್ಟು ಬಂತು. ಹಸಿರು ಹಾಸು, ನಡುವೆ ಒಂದು ಪುಟ್ಟ ಕೊಳ. ರೇವಣ್ಣ ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ಚೆಂಡು ತಳ್ಳಿದ. ಉರುಳಿತು, ಉರುಳಿತು, ಒಂದೇ ಏಟಿಗೆ ಗುಳಿಗೆ ಬಿತ್ತು! ಅವನು ಆಟ ಕಲಿತ ಮೇಲೆ ಹಾಗೆ ಬಿದ್ದದ್ದು ಅದೇ ಮೊದಲು.

ಚಲುವ ಓಡಿದ. ಚೆಂಡನ್ನು ಮೇಲೆತ್ತಿದ, ಅಂಗಿಯ ತುದಿಯಿಂದ ಒರೆಸಿದ, ಗೇಟಿನಾಚೆಯ ರಸ್ತೆಗೆ ತಂದು ಬಿಟ್ಟ. ಚೆಂಡು ಇಳಿಜಾರಿನಲ್ಲಿ ಊರ ಕಡೆಗೇ ಹೊರಟುಹೋಯಿತು.

ರೇವಣ್ಣ ತಲೆ ಚಚ್ಚಿಕೊಂಡ. "ಅದು ಗೆಲುವು ಕಣೋ! ಹಾಗೆ ಬಿದ್ದಾಗ ಚಪ್ಪಾಳೆ ತಟ್ಟಬೇಕು! 'ಭಲೇ, ಒಂದೇ ಏಟಿಗೆ!' ಅಂತ ಕುಣೀಬೇಕು!"

"ಮೊದಲೇ ಹೇಳಬಾರದಿತ್ತೇ?" ಅಂದ ಚಲುವ. ತಪ್ಪು ತನ್ನದೆಂದು ಅವನಿಗೆ ಅನ್ನಿಸಲಿಲ್ಲ.

ಗಲಾಟೆಗೆ ಮ್ಯಾನೇಜರ್ ಬಂದರು. ಬೂಟು, ಟೈ, ಎತ್ತಿದ ಬೆರಳು, ಬಾಯಲ್ಲಿ ಬೈಗುಳ. "ಇಲ್ಲಿ ಶಿಸ್ತು ಅಂತ ಒಂದಿದೆ! ಎಲ್ಲಿ ಕಾಲಿಡ್ತೀವಿ ಅಂತ ನೋಡಿಕೊಂಡು ನಡೀಬೇಕು!" ಅನ್ನುತ್ತ ಹಿಂದಕ್ಕೆ ಹೆಜ್ಜೆ ಹಾಕಿ, ಹಾಗೇ ಕೊಳದೊಳಗೆ ಬಿದ್ದರು.

"ಭಲೇ! ಒಂದೇ ಏಟಿಗೆ!" ಚಲುವ ಚಪ್ಪಾಳೆ ತಟ್ಟಿ ಕುಣಿದ.

ಜಬಿ ಅವನ ಕಿವಿ ಹಿಡಿದ. "ಮುಚ್ಚೋ ಬಾಯಿ! ಎದುರಿಗೆ ನಿಂತು ಕೈ ಮುಗಿ. 'ತಪ್ಪಾಯ್ತು, ಇನ್ನು ಯಾವತ್ತೂ ಈ ಕಡೆ ತಲೆ ಹಾಕಲ್ಲ' ಅನ್ನು!"

ಚಲುವ ಒಂದಕ್ಷರವೂ ಬಿಡದೆ ಹಾಗೇ ಅಂದ. ಮೈಯಿಂದ ನೀರು ಸುರಿಸುತ್ತ ಮೇಲೆ ಬಂದ ಮ್ಯಾನೇಜರ್ ಮೆತ್ತಗಾದರು. ಇದು ಮಾತ್ರ ಒಳ್ಳೆಯ ಮಾತು ಅಂತ ಚಲುವ ಗಟ್ಟಿ ಮಾಡಿಕೊಂಡ.

ವಾಪಸು ಬರುವಾಗ ಜಬಿಗೆ ಮ್ಯಾನೇಜರರ ಒದ್ದೆ ಟೈ ನೆನಪಾಯಿತು; ಸೈಕಲ್ ನಿಲ್ಲಿಸಿ ನಕ್ಕ. ರೇವಣ್ಣನಿಗೂ ತಡೆಯಲಾಗಲಿಲ್ಲ. ಮನೆ ಮುಟ್ಟುವ ಹೊತ್ತಿಗೆ ಇಬ್ಬರ ಸಿಟ್ಟೂ ಇಳಿದಿತ್ತು. ಶಿಸ್ತಿಲ್ಲದವರ ಸಿಟ್ಟು ಅಷ್ಟೇ.

ತಾಯಮ್ಮ ಬಾಗಿಲಲ್ಲೇ ಕಾದು ನಿಂತಿದ್ದಳು.

"ಅವ್ವಾ, ಇವನಿಲ್ಲದೆ ಇನ್ನು ಆಟ ಸಪ್ಪೆ," ಅಂದ ಜಬಿ. "ಚಲುವ, ಮುಂದಿನ ಭಾನುವಾರ ಬರ್ತೀಯೇನೋ?"

ತಾಯಮ್ಮನ ಕಣ್ಣು ತುಂಬಿತು. ಚಲುವ ಎದುರಿಗೆ ನಿಂತು ಕೈ ಮುಗಿದ.

"ತಪ್ಪಾಯ್ತು, ಇನ್ನು ಯಾವತ್ತೂ ಈ ಕಡೆ ತಲೆ ಹಾಕಲ್ಲ!"

ಇಬ್ಬರೂ ಮುಖ ಮುಖ ನೋಡಿಕೊಂಡು ಸೈಕಲ್ ತಿರುಗಿಸಿದರು. ತಾಯಮ್ಮ ಓಡಿ ಹಿಡಿದುಕೊಂಡಳು. "ಅವನ ಮಾತು ಬಿಡ್ರಪ್ಪಾ, ಕಾಫಿ ಕುಡಿದು ಹೋಗಿ!" ಅಂತ ಒಳಗೆ ಕೂರಿಸಿದಳು. ಮಗನಿಗೆ ಗದರಿದಳು: "ಏನ್ಲಾ ಮುಂಡೇದೇ! ಗೆಳೆಯರನ್ನ ಹಂಗೆ ಕಳಕೊಳ್ತಾರಾ? ಮನೆಗೆ ಬಂದೋರನ್ನ ಹೋಗೋಕೆ ಬಿಡಬಾರದು ಕಣ್ಲಾ!"

"ಆಗಲಿ ಕಣವ್ವಾ!"

ತಾಯಮ್ಮ ಒಲೆಯ ಮುಂದೆ ಕೂತಳು. ಮುಂಬಾಗಿಲು ದಡ್ ಅಂತ ಮುಚ್ಚಿತು. ಹೊರಗಿನಿಂದ ಬೀಗ ಬಿದ್ದ ಸದ್ದು.

"ಲೋ ಚಲುವ! ತೆಗೆಯೋ!" ಜಬಿ ಬಾಗಿಲು ಬಡಿದ.

"ಭಾನುವಾರ ತೆಗೀತೀನಿ!" ಅಂದ ಚಲುವ ಕಿಟಕಿಯಲ್ಲಿ ಮುಖವಿಟ್ಟು. "ಇಲ್ಲಿಂದಲೇ ಹೊರಡೋಣ!"

"ಅಯ್ಯೋ, ನಾನೂ ಒಳಗೇ ಇದೀನಲ್ಲೋ!" ತಾಯಮ್ಮ ಕೂಗಿದಳು.

ಚಲುವ ಒಂದು ಗಳಿಗೆ ಯೋಚಿಸಿದ.

"ಪರವಾಗಿಲ್ಲ ಬಿಡವ್ವಾ. ನೀನೂ ಬಾ!"